65 ಬಂದ್ರೆ ಫಸ್ಟ್ ಕ್ಲಾಸಾ?

ವೆಬ್‌ಸೈಟ್ ಬಳಸೋಕೆ ಎಷ್ಟು ಸುಲಭ ಅಂತ ಅಳೆಯಬಹುದಾ? ಅಳೆಯಬಹುದು. 1986ರಲ್ಲಿ ಬ್ರಿಟನ್ನಿನ ಜಾನ್ ಬ್ರೂಕ್ ರೂಪಿಸಿದ ‘ಸಿಸ್ಟಮ್ ಯೂಸಬಿಲಿಟಿ ಸ್ಕೇಲ್’ ಇದಕ್ಕೇ ಇರೋದು.

ಸೈಟ್ ಬಳಸಿದವರ ಮುಂದೆ 10 ಹೇಳಿಕೆ ಇಡ್ತಾರೆ. ಸ್ವಲ್ಪವೂ ಒಪ್ಪಲ್ಲ ಅಂದ್ರೆ 1, ಪೂರ್ತಿ ಒಪ್ತೀನಿ ಅಂದ್ರೆ 5. ಐದು ಹೊಗಳಿಕೆ, ಐದು ದೂರು. ಓದದೇ ಎಲ್ಲಕ್ಕೂ 5 ಒತ್ತಿದರೆ ಸಿಗೋದು 50 ಅಂಕ ಅಷ್ಟೇ!

ಅಂಕ ನೂರಕ್ಕೆ. 65 ಬಂದ್ರೆ ಫಸ್ಟ್ ಕ್ಲಾಸ್ ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ನೂರಾರು ಅಧ್ಯಯನಗಳ ಸರಾಸರಿಯೇ ಸುಮಾರು 68. ಅಂದ್ರೆ 65 ಸರಾಸರಿಗಿಂತ ಕೆಳಗೆ!

ಇನ್ನೊಂದು ಮಾತು: ಈ ಅಂಕ ತೊಂದರೆ ಇದೆ ಅನ್ನುತ್ತೆ, ಎಲ್ಲಿದೆ ಅಂತ ಹೇಳಲ್ಲ. ಎಷ್ಟು ಜನ ಫಾರ್ಮ್ ಮುಗಿಸಿದರು, ಎಷ್ಟು ಹೊತ್ತು ಹಿಡಿಯಿತು, ಯಾವ ಪುಟದಲ್ಲಿ ಕೈಬಿಟ್ಟರು ಅಂತಲೂ ಎಣಿಸಲೇಬೇಕು.