ಹಳೆಯ ಕಾರಿನ ಕೂಲಂಟ್ ಸೋರಿಕೆ: ಪತ್ತೆ ಮತ್ತು ಕಡಿಮೆ ಖರ್ಚಿನ ದುರಸ್ತಿ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂಧನದಿಂದ ಹುಟ್ಟುವ ಶಾಖದ ಸುಮಾರು ಮೂರನೇ ಒಂದು ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಹೊತ್ತೊಯ್ದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡುತ್ತದೆ. ಈ ದ್ರವ ಸೋರಿ ಕಡಿಮೆಯಾದರೆ ಎಂಜಿನ್ ಮಿತಿಮೀರಿ ಕಾಯುತ್ತದೆ. ಒಂದು ಕ್ಲಿಪ್ಪು ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಆಗ ಎಂಜಿನ್ನಿನ ಮೇಲ್ಭಾಗವಾದ ಇಡೀ ಸಿಲಿಂಡರ್ ಹೆಡ್ ಬಿಚ್ಚುವ ಖರ್ಚಿಗೆ ಬಂದು ನಿಲ್ಲುತ್ತದೆ.

ವ್ಯವಸ್ಥೆ ಕೆಲಸ ಮಾಡುವ ಬಗೆ

1983ರ ಡಿಸೆಂಬರಿನಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800 ಇಂದಿಗೂ ಕರ್ನಾಟಕದ ರಸ್ತೆಗಳಲ್ಲಿ ಓಡುತ್ತಿದೆ. ಅದರ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿನಲ್ಲೂ ತಂಪು ವ್ಯವಸ್ಥೆಯ ಭಾಗಗಳು ಬೇರೆ ಕಾರುಗಳಲ್ಲಿ ಇರುವಂಥವೇ: ರೇಡಿಯೇಟರ್, ವಾಟರ್ ಪಂಪು, ಥರ್ಮೋಸ್ಟಾಟ್, ಹೋಸ್ ಪೈಪುಗಳು, ಫ್ಯಾನು ಮತ್ತು ಕೂಲಂಟ್ ಬಾಟಲಿ. ಎಂಜಿನ್ ತಣ್ಣಗಿರುವಾಗ ಮುಚ್ಚಿರುವ ಥರ್ಮೋಸ್ಟಾಟ್, ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ನಡುವೆ ತೆರೆದುಕೊಂಡು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ.

ರೇಡಿಯೇಟರಿನ ಮುಚ್ಚಳದ ಕೆಲಸ ಪ್ರೆಷರ್ ಕುಕ್ಕರಿನ ವೆಯ್ಟಿನ ಕೆಲಸದಂತೆಯೇ. ಅದು ಸುಮಾರು ಒಂದು ಬಾರ್ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟಿನ ಕುದಿಬಿಂದು ಇನ್ನೂ ಮೇಲೆ. ಸೋರಿಕೆಯಿಂದ ದ್ರವದ ಜೊತೆಗೆ ಈ ಒತ್ತಡವೂ ಇಳಿಯುತ್ತದೆ. ಹಾಗಾಗಿ ಉಳಿದ ಕೂಲಂಟ್ ಬೇಗ ಕುದಿಯುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಕೆಳ ಗೇರಿನಲ್ಲಿ ನಿಧಾನವಾಗಿ ಏರುವಾಗ ಎಂಜಿನ್ನಿನ ಶಾಖ ಹೆಚ್ಚಿ, ರೇಡಿಯೇಟರಿಗೆ ಬಡಿಯುವ ಗಾಳಿ ತಗ್ಗುತ್ತದೆ. ಊರೊಳಗೆ ಗೊತ್ತಾಗದ ಸಣ್ಣ ಸೋರಿಕೆ ಅಲ್ಲಿ ಬಯಲಾಗುತ್ತದೆ.

ಮೊದಲು ಜಾಗ ಪತ್ತೆ

ಹಣ ಉಳಿಸುವ ಮುಖ್ಯ ದಾರಿ ಸೋರುವ ಜಾಗವನ್ನು ಖಚಿತಪಡಿಸಿಕೊಳ್ಳುವುದು. ಊಹೆಯ ಮೇಲೆ ರೇಡಿಯೇಟರ್ ಬದಲಿಸಿ, ಆಮೇಲೆ ಪಂಪು ಬದಲಿಸಿ, ಕೊನೆಗೆ ಮುಚ್ಚಳವೇ ಸಡಿಲವಾಗಿತ್ತೆಂದು ತಿಳಿದರೆ ಮೊದಲಿನ ಎರಡೂ ಖರ್ಚು ದಂಡ.

ಪರೀಕ್ಷೆಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ಕುದಿಯುವ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ. ರಾತ್ರಿ ಕಾರಿನಡಿ ಒಂದು ರಟ್ಟಿನ ಹಾಳೆ ಹಾಸಿಟ್ಟರೆ, ಬೆಳಿಗ್ಗೆ ಕಲೆ ಬಿದ್ದಿರುವ ಜಾಗ ಸೋರಿಕೆಯ ದಿಕ್ಕು ತೋರಿಸುತ್ತದೆ. ಏಸಿಯಿಂದ ತೊಟ್ಟಿಕ್ಕುವುದು ಬಣ್ಣವಿಲ್ಲದ ನೀರು. ಕೂಲಂಟಿಗೆ ಬಣ್ಣವೂ ಜಿಗುಟೂ ಇರುತ್ತವೆ. ಒಣಗಿದ ಸೋರಿಕೆ ಪೈಪಿನ ತುದಿಯಲ್ಲಿ, ರೇಡಿಯೇಟರಿನ ಅಂಚಿನಲ್ಲಿ ಬಿಳಿ ಅಥವಾ ಹಸಿರು ಹುಡಿಯಾಗಿ ಕೂತಿರುತ್ತದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹನಿ ಬಿದ್ದರೆ ಪಂಪಿನ ಒಳಗಿನ ಸೀಲು ಸವೆದಿದೆ ಎಂದರ್ಥ. ಮುಂದಿನ ಸೀಟಿನ ಕಾಲಡಿಯ ಮ್ಯಾಟು ಜಿಗುಟಾಗಿ ನೆನೆದು, ಗಾಜಿನ ಮೇಲೆ ಮಂಜು ಕವಿದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿರುವ ಸಾಧ್ಯತೆ ಹೆಚ್ಚು.

ಹೊರಗೆ ಎಲ್ಲೂ ಹನಿಯಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಅನುಮಾನ ಹೆಡ್ಡಿನಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ಟಿನ ಮೇಲೆ. ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಹಾಲು ಬೆರೆತಂತೆ ಕಾಣುವ ಎಂಜಿನ್ ಆಯಿಲ್, ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಎಡೆಬಿಡದೆ ಏಳುವ ಗುಳ್ಳೆ ಇದರ ಗುರುತುಗಳು. ಕಣ್ಣಿಗೆ ಸಿಗದ ಸೋರಿಕೆಗೆ ಕೈಪಂಪಿನ ಒತ್ತಡ ಪರೀಕ್ಷೆ ಇದೆ. ಎಂಜಿನ್ ಓಡಿಸದೆಯೇ ವ್ಯವಸ್ಥೆಯೊಳಗೆ ಮುಚ್ಚಳ ತಾಳುವಷ್ಟು ಒತ್ತಡ ಕೊಟ್ಟರೆ ದ್ರವ ತಾನಾಗಿ ಹೊರಬಂದು ಜಾಗ ತೋರಿಸುತ್ತದೆ. ರೇಡಿಯೇಟರ್ ರಿಪೇರಿ ಅಂಗಡಿಗಳಲ್ಲಿ ಇದನ್ನು ಮಾಡಿಸಬಹುದು.

ಅಗ್ಗದಿಂದ ದುಬಾರಿಗೆ

ಸಡಿಲ ಕ್ಲಿಪ್ಪಿಗೆ ಸ್ಕ್ರೂಡ್ರೈವರಿನ ಕೆಲಸವಷ್ಟೇ ಸಾಕು. ತುಕ್ಕು ಹಿಡಿದಿದ್ದರೆ ಹೊಸದು ಹಾಕಬೇಕು. ಮುಚ್ಚಳದ ರಬ್ಬರು ಬಿರಿದಿದ್ದರೆ ಅಥವಾ ಸ್ಪ್ರಿಂಗು ಸೋತಿದ್ದರೆ, ಕಾರಿಗೆ ನಿಗದಿಯಾದ ಒತ್ತಡದ ಮುಚ್ಚಳವನ್ನೇ ತರಬೇಕು. ಹೆಚ್ಚಿನ ಒತ್ತಡದ ಮುಚ್ಚಳ ಹಳೆಯ ಪೈಪುಗಳನ್ನು ಒಡೆಯುತ್ತದೆ.

ಹೋಸ್ ಪೈಪು ಹಿಸುಕಿದಾಗ ಮೆತ್ತಗೆ ಉಬ್ಬಿದಂತಿದ್ದರೆ, ಇಲ್ಲವೇ ಗಡುಸಾಗಿ ಬಿರುಕು ಬಿಟ್ಟಿದ್ದರೆ ಅದರ ಆಯಸ್ಸು ಮುಗಿದಿದೆ. ಬಿರುಕು ತುದಿಯಲ್ಲಿ ಮಾತ್ರ ಇದ್ದು ಪೈಪಿನ ಉದ್ದ ಸಾಲುವಂತಿದ್ದರೆ, ಆ ತುದಿ ಕತ್ತರಿಸಿ ಮತ್ತೆ ಕೂರಿಸಬಹುದು. ಥರ್ಮೋಸ್ಟಾಟ್ ಕವಚದ ಸೋರಿಕೆಗೆ ಹಳೆಯ ಗ್ಯಾಸ್ಕೆಟ್ ಕೆರೆದು, ಮೇಲ್ಮೈ ಒರೆಸಿ ಹೊಸದು ಹಾಕಿದರೆ ಸಾಕು. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿ ಒಳ್ಳೆಯದಲ್ಲ. ಎಂಜಿನ್ ಸರಿಯಾದ ಬಿಸಿಗೆ ಬರುವುದು ತಡವಾಗಿ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ, ಸವೆತವೂ ಹೆಚ್ಚುತ್ತದೆ.

ತಾಮ್ರ–ಹಿತ್ತಾಳೆಯ ಹಳೆಯ ರೇಡಿಯೇಟರಿಗೆ ಬೆಸುಗೆ ಹಾಕಿಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಅಲ್ಯುಮಿನಿಯಂ ಕೊಳವೆಗಳಿಗೆ ಪ್ಲಾಸ್ಟಿಕ್ ಟ್ಯಾಂಕು ಜೋಡಿಸಿದ ರೇಡಿಯೇಟರಿನಲ್ಲಿ ಟ್ಯಾಂಕೇ ಬಿರಿದಿದ್ದರೆ ಎಪಾಕ್ಸಿ ಅಂಟು ಕೆಲಕಾಲ ಮಾತ್ರ ತಡೆಯುತ್ತದೆ; ಬೇರೆ ರೇಡಿಯೇಟರ್ ಹಾಕಿಸುವುದೇ ಲೇಸು. ಸೋರುವ ವಾಟರ್ ಪಂಪನ್ನು ಬದಲಿಸಬೇಕು. ಪಂಪು ಟೈಮಿಂಗ್ ಬೆಲ್ಟಿನ ಜಾಡಿನಲ್ಲಿರುವ ಕಾರುಗಳಲ್ಲಿ ಬೆಲ್ಟನ್ನೂ ಜೊತೆಗೇ ಬದಲಿಸಿದರೆ ಎರಡನೇ ಬಾರಿಯ ಕೂಲಿ ಉಳಿಯುತ್ತದೆ.

ಹೆಡ್ ಗ್ಯಾಸ್ಕೆಟ್ ಎಲ್ಲಕ್ಕಿಂತ ದುಬಾರಿ ಕೆಲಸ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೀಗಾಗಿ ಕಬ್ಬಿಣದ ಬ್ಲಾಕಿಗೆ ಬಿಗಿದ ಅಲ್ಯುಮಿನಿಯಂ ಹೆಡ್ ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಹೆಡ್ ಸಮತಟ್ಟಾಗಿದೆಯೇ ಎಂದು ಅಳೆದು, ಬೇಕಿದ್ದರೆ ಯಂತ್ರದಲ್ಲಿ ಮಟ್ಟಸ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದು ಮತ್ತೆ ಹೋಗುತ್ತದೆ.

ತಾತ್ಕಾಲಿಕ ಉಪಾಯಗಳ ಮಿತಿ

ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ನಮ್ಮ ಚಾಲಕರ ಹಳೆಯ ಉಪಾಯ. ಅಂಗಡಿಯ ಸೋರಿಕೆ ತಡೆಯುವ ಪುಡಿಗಳೂ ಇದೇ ತತ್ವದವು: ಸಣ್ಣ ಕಣಗಳು ತೂತಿನಲ್ಲಿ ಸಿಕ್ಕಿಕೊಂಡು ಹನಿ ನಿಲ್ಲಿಸುತ್ತವೆ. ಆದರೆ ಅವೇ ಕಣಗಳು ರೇಡಿಯೇಟರಿನ ಮತ್ತು ಹೀಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಹಾಕುತ್ತವೆ. ದಾರಿಯಲ್ಲಿ ನಿಂತ ಕಾರನ್ನು ಗ್ಯಾರೇಜು ಮುಟ್ಟಿಸಲಷ್ಟೇ ಇವು ತಕ್ಕವು. ಹಾಕಿದ್ದರೆ ದುರಸ್ತಿಯ ವೇಳೆ ವ್ಯವಸ್ಥೆಯನ್ನು ತೊಳೆಸಬೇಕು.

ಮತ್ತೆ ತುಂಬಿಸುವುದು

ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಬರೀ ನೀರು ತುಕ್ಕು ಹಿಡಿಸುತ್ತದೆ. ಸಾಂದ್ರ ಕೂಲಂಟಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಡಬ್ಬಿಯ ಮೇಲಿನ ಅಳತೆಯಂತೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸುವುದು ಅಗ್ಗವೂ ಸುರಕ್ಷಿತವೂ ಹೌದು. ಬೆರೆಸಿಯೇ ಮಾರುವ ಕೂಲಂಟಿಗೆ ನೀರು ಸೇರಿಸಬಾರದು. ಹೆಚ್ಚಿನ ಹಳೆಯ ಕಾರುಗಳಲ್ಲಿ ತಣ್ಣನೆಯ ಎಂಜಿನ್ನಿಗೆ ಕೂಲಂಟ್ ತುಂಬಿ, ಮುಚ್ಚಳ ತೆರೆದೇ ಎಂಜಿನ್ ಶುರು ಮಾಡಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಗುಳ್ಳೆ ನಿಲ್ಲುವವರೆಗೆ ಮಟ್ಟ ಸರಿದೂಗಿಸುತ್ತ ಹೋಗಬೇಕು. ಒಳಗೆ ಗಾಳಿ ಉಳಿದರೆ ಸೋರಿಕೆ ನಿಂತರೂ ಎಂಜಿನ್ ಕಾಯುತ್ತದೆ.

ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ಮಾರಕ ವಿಷವೂ ಹೌದು. ಹೊರತೆಗೆದ ಕೂಲಂಟನ್ನು ಮಕ್ಕಳು, ನಾಯಿ, ದನಗಳ ಬಾಯಿಗೆ ಸಿಗದಂತೆ ಡಬ್ಬಿಯಲ್ಲಿ ಮುಚ್ಚಿಡಬೇಕು, ಚರಂಡಿಗೆ ಚೆಲ್ಲಬಾರದು. ದುರಸ್ತಿಯಾದ ಮೇಲೆ ಒಂದು ವಾರ ಪ್ರತಿ ಬೆಳಿಗ್ಗೆ ಬಾಟಲಿಯ ಮಟ್ಟ ನೋಡಬೇಕು. ಗುರುತು ಇಳಿಯದೆ ನಿಂತರೆ ಸೋರಿಕೆ ನಿಂತಿದೆ. ಇಳಿಯುತ್ತಲೇ ಇದ್ದರೆ ಹುಡುಕಾಟವನ್ನು ಒತ್ತಡ ಪರೀಕ್ಷೆಯಿಂದ ಮತ್ತೆ ಆರಂಭಿಸಬೇಕು.