ನಡುಗುವ ಬಂಡಿಯ ನಾಡಿ ಪರೀಕ್ಷೆ

ನಮ್ಮ ಸಹೋದ್ಯೋಗಿಗಳೊಬ್ಬರಲ್ಲಿ ಹದಿನೈದು ವರ್ಷ ದುಡಿದ ಎತ್ತರದ ಮೋಟಾರು ಬಂಡಿಯೊಂದಿದೆ. ಇಂಥವನ್ನು ಎಸ್.ಯು.ವಿ. ಎಂದು ಕರೆಯುವುದು ಈಗಿನ ವಾಡಿಕೆ. ಗಂಟೆಗೆ ೮೦ ಕಿಲೋಮೀಟರ್ ವೇಗ ಮುಟ್ಟಿತೆಂದರೆ ಅದರ ಸ್ಟಿಯರಿಂಗ್ ಚಕ್ರ ನಡುಗತೊಡಗುತ್ತಿತ್ತು. ಜೊತೆಗೆ ಕಾಲಡಿಯಿಂದ ದುಂಬಿಯ ಝೇಂಕಾರದಂಥ ಸದ್ದೊಂದು ಏಳುತ್ತಿತ್ತು. ಒಬ್ಬರು ಟೈರಿನ ದೋಷವೆಂದರು; ನಾಲ್ಕು ಹೊಸ ಟೈರುಗಳು ಬಂದವು. ಇನ್ನೊಬ್ಬರು ಷಾಕ್ ಅಬ್ಸಾರ್ಬರ್ ಎಂದರು, ಅವೂ ಬದಲಾದವು. ನಡುಕ ಕೊಂಚ ತಗ್ಗಿತೇ ಹೊರತು ಹೋಗಲಿಲ್ಲ. ಸದ್ದಂತೂ ಹಾಗೆಯೇ ಉಳಿಯಿತು. ಕೊನೆಗೆ ಎಂಜಿನ್ನನ್ನೇ ಬಿಚ್ಚಬೇಕೆಂಬ ಸಲಹೆ ಬಂದಾಗ, ಬಂಡಿಯ ಬೆಲೆಗಿಂತ ರಿಪೇರಿಯ ಬೆಲೆಯೇ ಹೆಚ್ಚಾದೀತೆಂದು ಹೆದರಿ ಅವರು ನಮ್ಮಲ್ಲಿಗೆ ಬಂದರು. ನಾವು ಮೆಕ್ಯಾನಿಕರಲ್ಲ, ಭೌತಶಾಸ್ತ್ರ ಬೋಧಿಸುವವರು. ಆದರೆ ಕಂಪನವೆಂಬುದು ನಮ್ಮ ಪಾಠದ ವಿಷಯವೇ ಅಲ್ಲವೇ?

ವೈದ್ಯನು ಔಷಧ ಕೊಡುವುದಕ್ಕೆ ಮೊದಲು ನಾಡಿ ಹಿಡಿದು ಎಣಿಸುತ್ತಾನೆ. ಬಂಡಿಯ ವಿಷಯದಲ್ಲಿಯೂ ಮೊದಲು ಆಗಬೇಕಾದುದು ಇದೇ. ತಿರುಗುವ ಭಾಗವೊಂದರಲ್ಲಿ ಒಂದು ಪಕ್ಕ ತುಸು ಭಾರವಾಗಿದ್ದರೆ, ಅದು ಒಂದು ಸುತ್ತಿಗೆ ಒಂದು ಸಲ ಬಂಡಿಯನ್ನು ಅಲುಗಿಸುತ್ತದೆ. ಆದುದರಿಂದ ಸೆಕೆಂಡಿಗೆ ಎಷ್ಟು ಕಂಪನಗಳಾಗುತ್ತವೆ ಎಂದು ತಿಳಿದರೆ, ಸೆಕೆಂಡಿಗೆ ಅಷ್ಟೇ ಸುತ್ತು ತಿರುಗುವ ಭಾಗ ಯಾವುದೆಂದು ಹುಡುಕಬಹುದು.

ಲೆಕ್ಕ ಸುಲಭವಾದುದು. ಈ ಬಂಡಿಯ ಟೈರಿನ ವ್ಯಾಸ ಸುಮಾರು ೦.೭ ಮೀಟರ್; ಆದ್ದರಿಂದ ಪರಿಧಿ ೨.೨ ಮೀಟರ್. ಗಂಟೆಗೆ ೮೦ ಕಿಲೋಮೀಟರ್ ಎಂದರೆ ಸೆಕೆಂಡಿಗೆ ೨೨.೨ ಮೀಟರ್. ಎಂದರೆ ಚಕ್ರವು ಸೆಕೆಂಡಿಗೆ ಸುಮಾರು ೧೦ ಸುತ್ತು ತಿರುಗುತ್ತದೆ. ಗೇರು ಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ದಂಡವನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಈ ಬಂಡಿಯಲ್ಲಿ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ದಂಡವು ನಾಲ್ಕು ಸುತ್ತು ತಿರುಗುತ್ತದೆ. ಆದ್ದರಿಂದ ಅದರ ಪಾಲಿಗೆ ಸೆಕೆಂಡಿಗೆ ೪೦ ಸುತ್ತು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನಿನದೂ ಅಷ್ಟೇ ವೇಗ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುವುದರಿಂದ ಅದರ ಬಡಿತ ಸೆಕೆಂಡಿಗೆ ೮೦.

ಸೆಕೆಂಡಿಗೆ ೨೦ಕ್ಕಿಂತ ಕಡಮೆಯಿರುವ ಕಂಪನ ನಮ್ಮ ಕಿವಿಗೆ ಕೇಳುವುದಿಲ್ಲ, ಮೈಗೆ ಮಾತ್ರ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನದು ಗುಂಯ್‌ಗುಡುವ ಸದ್ದಾಗಿ ಕೇಳಿಸುತ್ತದೆ. ಹಾಗಾದರೆ ಈ ಬಂಡಿಗೆ ಇದ್ದುದು ಒಂದು ಕಾಯಿಲೆಯಲ್ಲ, ಎರಡು! ಕೈಗೆ ತಿಳಿಯುವ ನಡುಕ ಒಂದು, ಕಿವಿಗೆ ಕೇಳುವ ಝೇಂಕಾರ ಇನ್ನೊಂದು.

ಮೊದಲು ನಡುಕವನ್ನು ನೋಡೋಣ. ಕೈಫೋನುಗಳಲ್ಲಿ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಉಪಕರಣ ಇರುತ್ತದೆ. ಅದನ್ನು ಬಂಡಿಯ ಮುಂಭಾಗದಲ್ಲಿ ಭದ್ರವಾಗಿ ಕಟ್ಟಿ ಅಳೆದಾಗ ಸೆಕೆಂಡಿಗೆ ೧೦ ಕಂಪನಗಳು ಕಂಡುವು. ತಪ್ಪಿತಸ್ಥ ಚಕ್ರವೇ ಸರಿ! ಕಂಪನವು ಆಸನಕ್ಕಿಂತ ಸ್ಟಿಯರಿಂಗಿನಲ್ಲಿ ಹೆಚ್ಚಾಗಿದ್ದುದರಿಂದ ಮುಂದಿನ ಚಕ್ರ. ವಿಚಾರಿಸಲಾಗಿ, ಹೊಸ ಟೈರು ಹಾಕಿದಾಗ ಚಕ್ರಗಳ ಬ್ಯಾಲೆನ್ಸ್ ಮಾಡಿಸಿರಲಿಲ್ಲವೆಂದು ತಿಳಿಯಿತು. ಪರೀಕ್ಷಿಸಿದಾಗ ಒಂದು ಚಕ್ರದ ಅಂಚಿಗೆ ೩೦ ಗ್ರಾಂ ತೂಕ ಬೇಕಾಯಿತು. ೩೦ ಗ್ರಾಂ ಎಷ್ಟರದು ಎನ್ನಬೇಡಿ. ಸೆಕೆಂಡಿಗೆ ೧೦ ಸುತ್ತಿನಂತೆ, ಅಕ್ಷದಿಂದ ೧೯ ಸೆಂಟಿಮೀಟರ್ ದೂರದಲ್ಲಿ ತಿರುಗುವಾಗ ಆ ತೂಕವು ಸುಮಾರು ೨೩ ನ್ಯೂಟನ್ ಬಲದಿಂದ ಚಕ್ರವನ್ನು ಎಳೆಯುತ್ತದೆ. ಎಂದರೆ ಎರಡೂಕಾಲು ಕಿಲೋಗ್ರಾಂ ಭಾರವು ಸೆಕೆಂಡಿಗೆ ಹತ್ತು ಸಲ ಮೇಲಕ್ಕೂ ಕೆಳಕ್ಕೂ ಜಗ್ಗಿದಂತೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗವಾಗುತ್ತದೆ.

ಇದರ ಮೇಲೆ ಅನುರಣನವೂ ಸೇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕಿನಿಂದಲೇ ಅದು ಎತ್ತರಕ್ಕೆ ಏರುತ್ತದೆಯಷ್ಟೆ. ಸ್ಪ್ರಿಂಗಿನ ಕೆಳಗಿರುವ ಚಕ್ರ ಮತ್ತು ಅಚ್ಚಿಗೂ ಸ್ವಂತ ಲಯವಿದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ ೧೦ರಿಂದ ೧೫ ಕಂಪನ. ಚಕ್ರದ ಸುತ್ತು ಈ ಲಯಕ್ಕೆ ಹೊಂದಿದಾಗ ನಡುಕ ಹಿಗ್ಗುತ್ತದೆ. ಷಾಕ್ ಅಬ್ಸಾರ್ಬರ್ ಈ ಹಿಗ್ಗನ್ನು ಅಡಗಿಸಬಲ್ಲುದೇ ಹೊರತು ಮೂಲ ಕಾರಣವನ್ನು ತೆಗೆಯಲಾರದು. ಅದನ್ನು ಬದಲಾಯಿಸಿದಾಗ ನಡುಕ ತಗ್ಗಿಯೂ ಹೋಗದೆ ಉಳಿದುದರ ಗುಟ್ಟು ಇದೇ.

ಇನ್ನು ಝೇಂಕಾರ. ಸದ್ದನ್ನು ಮುದ್ರಿಸಿಕೊಂಡು, ಅದರಲ್ಲಿರುವ ಕಂಪನಗಳನ್ನು ಬಿಡಿಸಿ ತೋರಿಸುವ ತಂತ್ರಾಂಶಕ್ಕೆ ಒಪ್ಪಿಸಿದೆವು. ನಾಲ್ಕನೆಯ ಗೇರಿನಲ್ಲಿ ಸೆಕೆಂಡಿಗೆ ೮೦ ಎಂದು ಬಂದಿತು. ಎಂಜಿನ್ನಿನ ಬಡಿತವೂ ೮೦ ತಾನೆ? ಹಾಗಾದರೆ ಎಂಜಿನ್ ಬಿಚ್ಚಬೇಕೆಂದವರ ಮಾತೇ ನಿಜವಾಯಿತೇ? ಅವಸರ ಬೇಡ. ಅದೇ ವೇಗದಲ್ಲಿ ಐದನೆಯ ಗೇರು ಹಾಕಿಸಿದೆವು. ಆಗ ಎಂಜಿನ್ನಿನ ಸುತ್ತು ೩೨ಕ್ಕೂ ಅದರ ಬಡಿತ ೬೪ಕ್ಕೂ ಇಳಿಯುತ್ತದೆ. ಆದರೆ ಝೇಂಕಾರ ೮೦ರಲ್ಲಿಯೇ ನಿಂತಿತು! ಎಂಜಿನ್ ನಿರಪರಾಧಿ. ಉಳಿದುದು ಚಕ್ರದ ವೇಗಕ್ಕೆ ಕಟ್ಟುಬಿದ್ದು, ಸುತ್ತಿಗೆ ಎರಡು ಸಲ ಮಿಡಿಯುವ ಭಾಗ. ಎಂದರೆ ದಂಡದ ಎರಡು ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟುಗಳು.

ಸ್ಪ್ರಿಂಗಿನ ನಿಯಮದಿಂದ ನಿಮಗೆ ಪರಿಚಿತನಾದ, ಹದಿನೇಳನೆಯ ಶತಮಾನದ ರಾಬರ್ಟ್ ಹುಕ್‌ನ ಹೆಸರು ಈ ಜಾಯಿಂಟಿಗೂ ಉಂಟು. ಎರಡು ಕವಲುಗಳ ನಡುವೆ ಶಿಲುಬೆಯಾಕಾರದ ಒಂದು ತುಂಡು; ಇದನ್ನೇ ಮೆಕ್ಯಾನಿಕರು ಕ್ರಾಸ್ ಎನ್ನುವುದು. ಬಾಗಿದ ಸ್ಥಿತಿಯಲ್ಲಿಯೂ ಇದು ತಿರುಗಬಲ್ಲುದು. ಆದರೆ ಇದಕ್ಕೊಂದು ದೌರ್ಬಲ್ಯವಿದೆ. ಒಂದು ಪಕ್ಕವು ಸಮವೇಗದಿಂದ ತಿರುಗಿದರೂ ಇನ್ನೊಂದು ಪಕ್ಕವು ಸುತ್ತಿಗೆ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. ಬಾಗು ೧೦ ಡಿಗ್ರಿ ಇದ್ದರೆ ಈ ಏರಿಳಿತ ಶೇಕಡ ಒಂದೂವರೆಯಷ್ಟು. ದಂಡದ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದು ಎರಡೂ ಕಡೆಯ ಬಾಗು ಸಮನಾಗಿದ್ದರೆ, ಮೊದಲ ಜಾಯಿಂಟಿನ ತಪ್ಪನ್ನು ಎರಡನೆಯದು ತಿದ್ದುತ್ತದೆ. ಕವಲುಗಳ ನೇರ ತಪ್ಪಿದರೆ ತಿದ್ದುವವರೇ ಇಲ್ಲ.

“ಕ್ರಾಸ್ ಎಂದಾದರೂ ಬದಲಾಯಿಸಿದ್ದಿರೇ?” ಎಂದು ಕೇಳಿದೆವು. ಆರು ತಿಂಗಳ ಹಿಂದೆ ಎಂದರು. ಝೇಂಕಾರದ ವಯಸ್ಸೂ ಅಷ್ಟೇ! ದಂಡವು ಒಂದರೊಳಗೊಂದು ಜಾರುವ ಎರಡು ತುಂಡುಗಳದು. ಅವು ಹಲ್ಲುಗಳಿಂದ ಕೂಡಿಕೊಳ್ಳುತ್ತವೆ. ರಿಪೇರಿಯಲ್ಲಿ ಅವನ್ನು ಎರಡು ಹಲ್ಲು ಸರಿಸಿ ಕೂಡಿಸಲಾಗಿತ್ತು. ಬೇರೆ ಮೆಕ್ಯಾನಿಕರೊಬ್ಬರು ಅದನ್ನು ಬಿಚ್ಚಿ ನೇರಗೊಳಿಸುತ್ತ, “ಮೇಷ್ಟ್ರೇ, ಬಿಚ್ಚೋ ಮುಂಚೆ ಒಂದು ಗುರುತು ಹಾಕಿದ್ದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ” ಎಂದರು. ಸಂಜೆಯ ಹೊತ್ತಿಗೆ ಝೇಂಕಾರ ಅಡಗಿತು. ಇದನ್ನು ಅಲಕ್ಷಿಸಿದ್ದರೆ ಜಾಯಿಂಟು ಬೇಗನೆ ಸವೆಯುತ್ತಿತ್ತು. ಓಟದಲ್ಲಿ ಮುಂದಿನ ಜಾಯಿಂಟು ಕಳಚಿ ದಂಡವು ನೆಲಕ್ಕೆ ಬಿದ್ದರೆ ಪ್ರಾಣಕ್ಕೇ ಅಪಾಯ.

ವಾಚಕರು ಈ ಕೆಲವು ಪ್ರಶ್ನೆಗಳನ್ನು ನೆನಪಿನಲ್ಲಿಡಬಹುದು. ನಿಂತ ಬಂಡಿಯಲ್ಲಿ ಎಂಜಿನ್ನಿನ ವೇಗ ಏರಿಸಿದಾಗಲೂ ಕಂಪನ ಬರುತ್ತದೆಯೇ? ಬಂದರೆ ಎಂಜಿನ್ನನ್ನೋ ಅದನ್ನು ಹೊತ್ತ ರಬ್ಬರು ಬಿಲ್ಲೆಗಳನ್ನೋ ಸಂಶಯಿಸಬೇಕು. ಬ್ರೇಕು ಒತ್ತಿದಾಗ ಮಾತ್ರ ಬರುತ್ತದೆಯೇ? ಬ್ರೇಕಿನ ತಟ್ಟೆಗಳನ್ನು ನೋಡಿಸಬೇಕು. ಮುಂದಿನ ಚಕ್ರವನ್ನು ಹಿಂದಕ್ಕೆ ಹಾಕಿದಾಗ ನಡುಕವೂ ಹಿಂದಕ್ಕೆ ಹೋಗುತ್ತದೆಯೇ? ಚಕ್ರವೇ ಕಾರಣ. ಎಲ್ಲಕ್ಕಿಂತ ಮೇಲಾಗಿ, ತೊಂದರೆ ಯಾವ ರಿಪೇರಿಯ ಬಳಿಕ ಮೊದಲಾಯಿತು? ಬಂಡಿ ಓಡುವಾಗ ಅಳೆಯುವ ಕೆಲಸ ಪಕ್ಕದಲ್ಲಿ ಕುಳಿತವರದು, ನಡೆಸುವವರದಲ್ಲ ಎಂಬುದನ್ನು ಮರೆಯಬಾರದು.

ಬಂಡಿಯಿಲ್ಲದವರು ನಿರಾಶರಾಗಬೇಕಿಲ್ಲ. ಮನೆಯ ಫ್ಯಾನು, ಬಟ್ಟೆ ಒಗೆಯುವ ಯಂತ್ರ, ತೋಟದ ಪಂಪು, ಇವೆಲ್ಲವೂ ನಡುಗುವಂಥವೇ. ಸ್ಪ್ಯಾನರು ಹಿಡಿಯುವುದಕ್ಕೆ ಮೊದಲು ಎಣಿಸಿ ನೋಡಿರಿ.