ತುಂಡು ತುಂಡಾಗಿ ಹೋದ ಹಾಡು

ಮಕ್ಕಳೇ, 2016ರ ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಬರಗಾಲದಿಂದ ಊರಿಗೆ ನೀರಿಲ್ಲದಂತಾಗಿತ್ತು. ಮಿರಜದಿಂದ ಬಂದ ಮೊದಲ ರೈಲಿಗೆ ನೀರು ತುಂಬಿದ 10 ವ್ಯಾಗನ್ನುಗಳಿದ್ದವು. ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರ್ ನೀರು. ಅಷ್ಟು ನೀರನ್ನು ಒಂದೇ ಪಾತ್ರೆಯಲ್ಲಿ ತರಲು ಆಗುತ್ತಿತ್ತೇ? ಇಂಟರ್‌ನೆಟ್ ಮೂಲಕ ದೊಡ್ಡ ಫೈಲ್ ಕಳಿಸುವಾಗಲೂ ಹೀಗೆಯೇ ಮಾಡುತ್ತಾರೆ.

ನಿಲಂಗಾ ತಾಲೂಕಿನ ಒಂದು ಹಳ್ಳಿಯ ಮಕ್ಕಳು ಅಜ್ಜಿಯೊಬ್ಬರ ಬೀಸುಕಲ್ಲಿನ ಪದಗಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದರು ಎಂದಿಟ್ಟುಕೊಳ್ಳಿ. ಆ ಪದಗಳು ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ವಿಡಿಯೊದ ಗಾತ್ರ 300 ಎಂಬಿ. ಅದನ್ನು ದೂರದ ಒಂದು ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಡಬೇಕು. ಹೀಗೆ ಕಳಿಸುವುದಕ್ಕೆ ಅಪ್‌ಲೋಡ್ ಎನ್ನುತ್ತಾರೆ. ಪಡೆದುಕೊಳ್ಳುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು.

240 ಎಂಬಿ ಹೋಗಿತ್ತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು! ಮುಂದೇನು?

ವೆಬ್ ಪುಟದಿಂದ ಫೈಲ್ ಕಳಿಸುವ ಕ್ರಮವನ್ನು 1995ರಲ್ಲಿ ಬರೆದಿಟ್ಟರು. ಆ ಕ್ರಮದಲ್ಲಿ ಇಡೀ ಫೈಲ್ ಒಂದೇ ಗಂಟಾಗಿ ಹೋಗುತ್ತದೆ. ನಡುವೆ ತಡೆ ಬಂದರೆ ಮತ್ತೆ ಮೊದಲಿನಿಂದ ಕಳಿಸಬೇಕು. ಆಗ ಡೇಟಾ ಪ್ಯಾಕೂ ಹಾಳು. ಸರ್ವರಿಗೂ ಕಷ್ಟವೇ. ನೂರಾರು ಜನರ ದೊಡ್ಡ ಗಂಟುಗಳನ್ನು ಒಮ್ಮೆಗೇ ನೆನಪಿನಲ್ಲಿ ಹಿಡಿಯಲು ಹೋದರೆ ಅದು ನಿಂತೇ ಹೋಗಬಹುದು.

ಆದ್ದರಿಂದ ಫೈಲನ್ನು ತುಂಡು ಮಾಡುತ್ತಾರೆ. 5 ಎಂಬಿಗೆ ಒಂದರಂತೆ ನಮ್ಮ ವಿಡಿಯೊ 60 ತುಂಡಾಗುತ್ತದೆ. ನೀರಿನ ಯಾವ ವ್ಯಾಗನ್ನು ಮೊದಲು ಬಂದರೂ ನಡೆಯುತ್ತದೆ. ಹಾಡಿಗೆ ಹಾಗಲ್ಲ, ಕೊನೆಯ ನುಡಿ ಮೊದಲು ಬರಬಾರದು. ಅದಕ್ಕೇ ಪ್ರತಿ ತುಂಡಿಗೂ ಸಂಖ್ಯೆ ಕೊಡುತ್ತಾರೆ. ತುಂಡು ಸಿಕ್ಕೊಡನೆ ಸರ್ವರ್ ಅದನ್ನು ಡಿಸ್ಕಿನಲ್ಲಿ ಬರೆದಿಟ್ಟು, "ಮುಟ್ಟಿತು" ಎಂದು ತಿಳಿಸುತ್ತದೆ. ನೆಟ್‌ವರ್ಕ್ ಮರಳಿದಾಗ ಮೊಬೈಲು, "ಎಷ್ಟು ಮುಟ್ಟಿವೆ?" ಎಂದು ಕೇಳುತ್ತದೆ. "48" ಎಂದು ಉತ್ತರ ಬಂದರೆ 49ನೆಯದರಿಂದ ಕಳಿಸಿದರಾಯಿತು.

ದಾರಿಯಲ್ಲಿ ತುಂಡು ಕೆಟ್ಟಿದ್ದರೆ? ಕಂಪ್ಯೂಟರಿಗೆ ಹಾಡೂ ಅಂಕಿಗಳೇ. ಒಂದು ತುಂಡಿನಲ್ಲಿ 4, 7, 2 ಎಂಬ ಅಂಕಿಗಳಿದ್ದರೆ ಮೊತ್ತ 13. ಮೊಬೈಲು ಆ ಮೊತ್ತವನ್ನೂ ಕಳಿಸುತ್ತದೆ. ಸರ್ವರ್ ತಾನೂ ಕೂಡಿಸಿ ನೋಡುತ್ತದೆ. 7 ಹೋಗಿ 1 ಆಗಿದ್ದರೆ ಮೊತ್ತ 7 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. (2, 7, 4 ಕೂಡಿಸಿದರೂ 13 ಅಲ್ಲವೇ ಎನ್ನುವಿರಾ? ನಿಜ. ಅದಕ್ಕೇ ಕಂಪ್ಯೂಟರುಗಳು ಇದಕ್ಕಿಂತ ಕಠಿಣವಾದ ಲೆಕ್ಕ ಮಾಡುತ್ತವೆ.) ತಪ್ಪಿದ ತುಂಡನ್ನಷ್ಟೇ ಮತ್ತೆ ತರಿಸುತ್ತಾರೆ.

60ನೆಯ ತುಂಡು ಮುಟ್ಟಿದ ಮೇಲೆ ಸರ್ವರ್ ಎಲ್ಲವನ್ನೂ ಸಂಖ್ಯೆಯಂತೆ ಜೋಡಿಸುತ್ತದೆ. ಇಡೀ ಫೈಲಿನ ಲೆಕ್ಕ ತಾಳೆಯಾದರೆ "ಪೂರ್ಣವಾಯಿತು" ಎನ್ನುತ್ತದೆ. ಅಲ್ಲಿಯವರೆಗೆ ಮಕ್ಕಳು ಮೊಬೈಲಿನ ವಿಡಿಯೊ ಅಳಿಸುವಂತಿಲ್ಲ.